ಅಧ್ಯಕ್ಷನಿಗೆ ಹಾಕಿದ ಕುರ್ಚಿ

ಅಪ್ಪಾ,

ದೇಶದ ಬ್ಯಾಂಕುಗಳನ್ನು ಮುಳುಗಿಸಿದವರಲ್ಲಿ ಎಲ್ಲರಿಗಿಂತ ದೊಡ್ಡವನು, ನಿಮ್ಮ ಬ್ಯಾಂಕಿನ ಅಧ್ಯಕ್ಷ, ಇವತ್ತು ಕೊನೆಗೂ ನಮ್ಮ ಕೋರ್ಟಿಗೆ ಬಂದ. ಜನರ ಉಳಿತಾಯವನ್ನೆಲ್ಲ ನುಂಗಿ ನೀರು ಕುಡಿದ ಮಹಾನುಭಾವ, ಕಟಕಟೆಯಲ್ಲಿ ಐದು ನಿಮಿಷ ನಿಂತು "ಮಂಡಿ ನೋವು ಸ್ವಾಮಿ" ಎಂದ.

"ಪಾಪ, ಒಂದು ಕುರ್ಚಿ ಹಾಕಪ್ಪ" ಎಂದರು ನ್ಯಾಯಾಧೀಶರು. ಜವಾನ ನಾನು, ಹಾಕಿದೆ. ಅದರಲ್ಲಿ ಆರಾಮಾಗಿ ಕೂತು, ಕೇಳಿದ್ದಕ್ಕೆಲ್ಲ "ನೆನಪಿಲ್ಲ" ಎಂದು, ಜಾಮೀನು ಪಡೆದು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

ಅವನು ಕಳಿಸಿದ ಕಾಗದಗಳಿಗೆ ಸಹಿ ಹಾಕಿದ ಗುಮಾಸ್ತರು ನೀವು. ಜೈಲು ನಿಮಗೆ ಮಾತ್ರ. ಅಲ್ಲಿಂದ ಹೆಣವಾಗಿ ಬಂದಿರಿ. ಅದಕ್ಕೂ ಮೊದಲು, ನಿಮ್ಮ ವಿಚಾರಣೆಯ ಮೂರು ದಿನವೂ ಊದಿದ ಕಾಲಲ್ಲಿ ಅದೇ ಕಟಕಟೆಯಲ್ಲಿ ನಿಂತಿದ್ದಿರಿ. ಒಮ್ಮೆ ನನ್ನ ಕಡೆ ನೋಡಿದಿರಿ.

ನೀವು ನನ್ನ ಅಪ್ಪನೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ ನಾನು. ಕುರ್ಚಿ ಅವತ್ತೂ ನನ್ನ ಪಕ್ಕದಲ್ಲೇ ಇತ್ತು.