ಅಪ್ಪ ದಾರಿ ತಪ್ಪಿದರೆಂದೆಯಲ್ಲ

ಮನೆಯಿಂದ, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಪಿಯಾನೋ ಮುಂದೆ ಗೂನು ಹಾಕಿಕೊಂಡು ಕೂರಬೇಡವೆಂದು ಅಮ್ಮ ಇದ್ದಾಗಲೂ ಹೇಳುತ್ತಿದ್ದಳು, ನೀನು ಯಾರ ಮಾತು ಕೇಳಿದವನು! ನಿನ್ನ ಹೆಂಡತಿಗೆ ಹೊಸ ಕೆಲಸ ಒಗ್ಗಿತೇ? ಮಗಳ ಹಲ್ಲಿನ ತಂತಿ ತೆಗೆದರೇ? ಅಪ್ಪ ಈಗಲೂ ಎದ್ದ ಕೂಡಲೇ ಮೊದಲು ತಮ್ಮ ಆಳೆತ್ತರದ ಪಿಟೀಲು, ಆ ಬೇಸ್ ವಾದ್ಯವನ್ನು ಒರೆಸುತ್ತಾರೆ, ಆಮೇಲೆ ತಮ್ಮ ಮುಖ ತೊಳೆಯುತ್ತಾರೆ. ಕುಶಲ ಇಷ್ಟು. ಮುಂದಿನದನ್ನು ಫೋನಿನಲ್ಲಿ ಹೇಳಿದರೆ ನನ್ನ ದನಿ ಏರುತ್ತದೆ, ನೀನು ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಬರೆದು, ಇವತ್ತೇ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಮಂಗಳವಾರ ರೇಡಿಯೋದಲ್ಲಿ ನಿನ್ನ ಸಂದರ್ಶನ ಕೇಳಿದೆವು. ಅಡುಗೆಮನೆಯ ಮೇಜಿನ ಸುತ್ತ ನಾನು, ಅಪ್ಪ, ಅಪ್ಪನ ಬ್ಯಾಂಡಿನ ಡ್ರಮ್ಸ್ ಮಾಮ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು, ರೇಡಿಯೋಗೆ ಅದು ಕಾಣುತ್ತದೆ ಎಂಬಂತೆ. ನೀನು ಹೇಳಿದೆ: "ಅಪ್ಪ ದೊಡ್ಡ ಬ್ಯಾಂಡ್ ಕಟ್ಟಿದೋರು, ಒಪ್ತೀನಿ. ಆದ್ರೆ ಹಾಡಿನ ಮಧ್ಯೆ ದಾರಿ ತಪ್ಪಿಬಿಡೋರು. ನಾನೇ ಎಷ್ಟೋ ಸಲ ಕೈಹಿಡಿದು ದಡ ಸೇರಿಸಿದ್ದೀನಿ." ಸಂದರ್ಶಕಿ ನಕ್ಕಳು, ನೀನೂ ನಕ್ಕೆ. ಮಾಮ ಲೋಟ ಕುಕ್ಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಅಪ್ಪ ಮಾತ್ರ, "ಚೆನ್ನಾಗಿ ಮಾತಾಡ್ತಾನೆ, ಅಲ್ವೇನಮ್ಮಾ?" ಎಂದರು.

ನನಗೆ ಸಿಟ್ಟು ಬಂದದ್ದು ನಿನ್ನ ಮೇಲೋ, ಆ ನಗುವಿನ ಮೇಲೋ, ನಿನ್ನನ್ನು ಹೊಗಳಿದ ಅಪ್ಪನ ಮೇಲೋ ಎಂದು ಆಮೇಲೆ ಕೇಳಿಕೊಂಡೆ. ಹೇಗೆ ಅಳೆದರೂ ಹೆಚ್ಚಿನ ಪಾಲು ನಿನ್ನದೇ. ಮೀಸೆ ಮೂಡುವ ಮೊದಲೇ ಹೋಟೆಲಿನ ಡಾನ್ಸ್ ಹಾಲಿನಲ್ಲಿ ಬೇಸ್ ಹಿಡಿದು ನಿಂತ ಮನುಷ್ಯ ಅವರು. ಆಮೇಲೆ ಹಡಗಿನ ಬ್ಯಾಂಡ್, ಹಡಗಿನಿಂದ ಸ್ಟುಡಿಯೋ, ಅಲ್ಲಿಂದ ತಮ್ಮದೇ ಬ್ಯಾಂಡ್. ಡಾನ್ಸ್ ಹಾಲುಗಳನ್ನು ಒಡೆದು ಅಂಗಡಿ ಮಾಡಿದಾಗ ಬೇರೆ ಬ್ಯಾಂಡುಗಳು ಮುಚ್ಚಿದವು. ಅಪ್ಪ ಮದುವೆಮನೆ, ಬಟ್ಟೆ ಮಳಿಗೆಯ ಉದ್ಘಾಟನೆ, ಏನು ಸಿಕ್ಕರೂ ಒಪ್ಪಿಕೊಂಡು ತಮ್ಮವರನ್ನು ಜೊತೆಗಿಟ್ಟುಕೊಂಡರು. ತಂತಿ ಕೊರೆದ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಊಟ ಮಾಡುತ್ತಿದ್ದರು, ನೆನಪಿದೆಯೇ? ಅಮ್ಮ ಆ ಬೇಸನ್ನು "ನನ್ನ ಸವತಿ" ಎನ್ನುತ್ತಿದ್ದಳು. ಕಾರಿನಲ್ಲಿ ಸವತಿಗೆ ಉದ್ದಕ್ಕೂ ಜಾಗ, ನಾವಿಬ್ಬರು ಮೊಣಕಾಲು ಗಲ್ಲಕ್ಕೆ ತಾಗಿಸಿ ಮೂಲೆಯಲ್ಲಿ. ಅಷ್ಟು ವರ್ಷ ಎಲ್ಲರ ಹಿಂದೆ ನಿಂತು ನುಡಿಸಿದರು. ಜನ ಚಪ್ಪಾಳೆ ತಟ್ಟಿದ್ದು ಮುಂದಿದ್ದವರಿಗೆ, ಬಹಳ ಸಲ ನಿನಗೆ.

ನಿನಗೆ ಆ ಪುರಭವನದ ಕಾರ್ಯಕ್ರಮದ ನೆನಪಿರಬೇಕು, ನೀನು ಬ್ಯಾಂಡ್ ಸೇರಿದ ಮೊದಲ ವರ್ಷದ್ದು. ಆ ನಿಧಾನದ ಹಾಡಿನಲ್ಲಿ ನಡುವಿನ ಭಾಗವನ್ನೇ ಬಿಟ್ಟು ನೀನು ನೇರ ಕೊನೆಯ ಭಾಗಕ್ಕೆ ಹಾರಿದೆ. ಹೌದು, ನೀನು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಅಪ್ಪನ ಕೈ ಬೇಸಿನ ತಂತಿಯ ಮೇಲೆ ಸರ್ರನೆ ಜಾರಿ ನೀನಿದ್ದಲ್ಲಿಗೆ ಬಂತು. ಗಲ್ಲ ಎತ್ತಿ ಮಾಮನಿಗೆ ಸನ್ನೆ ಮಾಡಿದರು, ಸ್ಯಾಕ್ಸೋಫೋನಿನವರು ಬಾಯಿಂದ ವಾದ್ಯ ತೆಗೆದು ಕಾದು ಮತ್ತೆ ಹಿಡಿದರು. ಕೇಳಿದವರಿಗೆ ಹಾಡೇ ಹಾಗಿದೆ ಅನ್ನಿಸಿತು. ವಾಪಸು ಬರುವಾಗ ಕಾರಿನಲ್ಲಿ ನೀನು, "ಅಪ್ಪಾ, ನೀವು ಮಧ್ಯ ಎಲ್ಲೋ ಹೋಗಿಬಿಟ್ರಿ ಅಲ್ವಾ?" ಎಂದೆ. ಅಪ್ಪ, "ಹೌದಪ್ಪ, ಸ್ವಲ್ಪ ಜಾರಿದೆ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಿಯಲ್ಲೇ ನನ್ನನ್ನು ಗದರಿಸಿದ ಆ ಕಣ್ಣನ್ನು ನಾನಿನ್ನೂ ಮರೆತಿಲ್ಲ. ಹಾಗೆ ಎಷ್ಟೋ ಸಲ ನಡೆಯಿತು. ನೀನಿದ್ದ ಕಾಲದಲ್ಲಿ ಅಪ್ಪ ಒಮ್ಮೆಯೂ ದಾರಿ ತಪ್ಪಲಿಲ್ಲ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಬೇಸ್ ನುಡಿಸೋನ ಕೆಲಸ ಅದೇ ಕಣಮ್ಮ. ಯಾರು ಎಲ್ಲಿ ಕಾಲಿಟ್ರೂ ಅಲ್ಲಿ ನೆಲ ಇರ್ಬೇಕು" ಎಂದಿದ್ದರು. ಅದು ದೊಡ್ಡತನವೋ, ನಿನ್ನನ್ನು ಕೆಡಿಸಿದ ಬಗೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನ ನಗುವಿನ ಫಲ ಕೇಳು. ಅಪ್ಪನ ವಿದಾಯದ ಕಛೇರಿ ಬರುವ ಶನಿವಾರವಲ್ಲವೇ? ಮೊನ್ನೆ ಬುಧವಾರ ಅದನ್ನು ನಡೆಸುವ ಸಂಘದ ಕಾರ್ಯದರ್ಶಿಯ ಫೋನ್ ಬಂತು. ಪರದೆಯ ಹಿಂದೆ ಇನ್ನೊಬ್ಬ ಬೇಸ್‌ನವರನ್ನು ನಿಲ್ಲಿಸುತ್ತಾರಂತೆ, ಅಪ್ಪ ತಡವರಿಸಿದರೆ ಆ ಹಿಂದಿನವರ ಮೈಕ್ ಏರಿಸುತ್ತಾರಂತೆ! "ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ತಮ್ಮನೇ ಹೇಳಿದ್ರಲ್ಲ" ಎಂದ. ನಾನು ಏನೆಂದೆನೋ ಬರೆಯಲಾರೆ. ತನ್ನ ಬ್ಯಾಂಡಿನಲ್ಲಿ ತನ್ನ ಕೊನೆಯ ದಿನ, ಬೆನ್ನ ಹಿಂದೆ ಬದಲಿಯವನನ್ನು ಬಚ್ಚಿಟ್ಟುಕೊಂಡು ನಿಲ್ಲಬೇಕೇ ಆ ಮನುಷ್ಯ? ಅಪ್ಪ ನಕ್ಕು, "ಇರ್ಲಿ ಬಿಡು, ಅವನಿಗೂ ಒಂದು ಕಾರ್ಯಕ್ರಮ ಸಿಕ್ತು" ಎಂದರು. ಆ ದಿನ ಮಾತ್ರ ಊಟಕ್ಕೆ ಏಳಲಿಲ್ಲ.

ಇಷ್ಟು ಬೈದ ಮೇಲೆ ಹರಸುವುದು ಹೇಗೆ? ಆದರೂ ಅಕ್ಕ ತಾನೇ, ಚೆನ್ನಾಗಿರು. ಮಗುವಿಗೆ ಮುತ್ತು, ಅವಳಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಗುರುವಾರ ರಿಹರ್ಸಲ್‌ನಲ್ಲಿ ಅಪ್ಪ ನಿಜವಾಗಿಯೂ ತಪ್ಪಿದರು. ರೇಡಿಯೋ ಕೇಳಿದ್ದರಿಂದಲೋ, ವಯಸ್ಸಿನಿಂದಲೋ ತಿಳಿಯದು. ಅವರು ಮುಂದಕ್ಕೆ ಹೋದರು, ಉಳಿದವರು ಹೋಗಲಿಲ್ಲ. ಈಗ ಪಿಯಾನೋ ನುಡಿಸುವ ಹುಡುಗಿ ಬಹಳ ಮರ್ಯಾದೆಯಿಂದ ನಿಲ್ಲಿಸಿ, ಹಾಳೆ ತಂದು, ನಾವು ಇಲ್ಲಿದ್ದೇವೆ ಸಾರ್ ಎಂದು ತೋರಿಸಿದಳು. ಎಂದೂ ನಿಂತೇ ನುಡಿಸುವ ಅಪ್ಪ ಸ್ಟೂಲು ಕೇಳಿ ಕೂತರು. ಮನೆಗೆ ಬಂದು, "ಅವನನ್ನ ಕರಿ. ನಾನೆಲ್ಲಿಗೆ ಹೋದ್ರೂ ಅವನಿಗೆ ಕೇಳ್ಸುತ್ತೆ" ಎಂದರು. ಆ ಹುಡುಗಿ ಜಾಗ ಬಿಡಲು ಒಪ್ಪಿದ್ದಾಳೆ. ನೀನು ಬಂದರೆ ಪರದೆಯ ಹಿಂದಿನವನು ಬೇಡವೆಂದು ಕಾರ್ಯದರ್ಶಿಯಿಂದ ಮಾತು ತೆಗೆದುಕೊಂಡಿದ್ದೇನೆ. ಹಾಗೆಂದು ನೀನು ಹೇಳಿದ್ದು ನಿಜವಾಯಿತೆಂದು ಬೀಗಬೇಡ, ನನ್ನ ಕೋಪ ಒಂದಿಷ್ಟೂ ಇಳಿದಿಲ್ಲ, ಅದನ್ನು ಎದುರಿಗೇ ತೀರಿಸಿಕೊಳ್ಳುತ್ತೇನೆ. ಬರುವ ಬುಧವಾರ ಬೆಳಿಗ್ಗೆ ಮತ್ತೆ ರಿಹರ್ಸಲ್. ಅಪ್ಪ ಬರುವ ಮೊದಲೇ ಹೋಗಿ ಕೂತಿರು.