ಅದೇ ಮೂಲೆಯ ಸುದ್ದಿ

ಅಕ್ಕಾ,

ಒಂದು ಬಾಗಿಲಿಗೆ ಆದ ಒಟ್ಟು ಖರ್ಚು: ನಿನ್ನ ವಾರಪತ್ರಿಕೆಯ ಐವತ್ತೆರಡು ಸಂಚಿಕೆ, ಕೈತಪ್ಪಿದ ಜಾಹೀರಾತುಗಳು, ಅಕ್ಕ ತಮ್ಮನ ಮಾತುಕತೆ.

ಹೊಲಿಗೆ ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ನೀನು ಪ್ರತಿ ವಾರ ಮೊದಲ ಪುಟದ ಅದೇ ಮೂಲೆಯಲ್ಲಿ, ವಾರದ ಸಂಖ್ಯೆಯನ್ನಷ್ಟೇ ಬದಲಿಸಿ ಹಾಕುತ್ತಿದ್ದೆ.

"ಹಳಸಿದ ಸುದ್ದೀನ ಯಾರಕ್ಕಾ ಓದ್ತಾರೆ?" ಎಂದು ನಾನು ಅಣಕಿಸಿದ್ದೆ.

"ಬಾಗಿಲು ಬರೋ ತನಕ ಅದು ಇವತ್ತಿನ ಸುದ್ದೀನೇ ಕಣೋ."

ಮೂವತ್ತನೆಯ ವಾರ ಕಾರ್ಖಾನೆಯವರು ನನ್ನ ಪ್ರೆಸ್ಸಿಗೆ ತಮ್ಮ ಕ್ಯಾಲೆಂಡರ್ ಕೆಲಸ ಕೊಟ್ಟರು. ವ್ಯಾಪಾರದಲ್ಲಿ ನಾನು ಜಾಣ. ನಿನ್ನ ಪತ್ರಿಕೆ ಅಚ್ಚು ಹಾಕುವುದನ್ನು ನಿಲ್ಲಿಸಿದೆ. ನೀನು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ. ನೀನು ತೀರಿಕೊಂಡ ಮೇಲೂ ಕಾರ್ಖಾನೆಯ ಆ ಹೆಂಗಸರು ಒಂದು ವಾರವೂ ತಪ್ಪಿಸದೆ ಅದನ್ನು ಬರೆದು ಹಂಚಿದರು.

ಇವತ್ತು ಬಾಗಿಲು ಕೂರಿಸಿದರು. ಗುಂಡಿ ಹೊಲಿಯುವಾಕೆ ನೇರ ಪ್ರೆಸ್ಸಿಗೆ ಬಂದಳು.

"ಕೊನೇ ಸಂಚಿಕೆ ಅಚ್ಚು ಹಾಕಿಕೊಡಿ ಸಾರ್. ಒಳಗಡೆ ಚಿಲಕಾನೂ ಇದೆ ಅಂತ ಸೇರಿಸಿ."

"ಸಂಪಾದಕರು ಅಂತ ಯಾರ ಹೆಸರು ಹಾಕ್ಲಮ್ಮಾ?"

"ಅದನ್ನೂ ಕೇಳ್ತೀರಾ?"

ಪುಟವನ್ನು ನಾನೇ ಜೋಡಿಸಿದೆ.

ಸಿಕ್ಕಿದ್ದು ಇಷ್ಟು. ಅವರಿಗೆ ಬಾಗಿಲು, ಚಿಲಕ. ಮಾಲೀಕರಿಗೆ ಬಾಗಿಲ ಮುಂದೆ ನಿಂತ ಫೋಟೊ. ನನಗೆ ಒಂದು ವರ್ಷದ ಕ್ಯಾಲೆಂಡರ್ ಕೆಲಸ, ನಿನ್ನ ಕೊನೆಯ ಸಂಚಿಕೆ. ನಿನಗೆ ಸಂಪಾದಕಿಯ ಜಾಗ, ಈಗಲೂ.