ತೊಟ್ಟು ತೆಗೆದ ಬದನೆಕಾಯಿ

ನಾಲವಾರ
೧೧ ಡಿಸೆಂಬರ್ ೨೦೨೪, ಬುಧವಾರ

ಚಿ. ಸೌ. ಅಂಬಿಕಾಳಿಗೆ,

ನಿನ್ನ ಅಕ್ಕ ಪೀರಮ್ಮನ ಆಶೀರ್ವಾದಗಳು. ನಾನೂ ಅವ್ವನೂ ಕ್ಷೇಮ. ಹೀಗೆ ಬರೆಯುವುದು ಪದ್ಧತಿ, ಅದಕ್ಕೇ ಬರೆದೆ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನಾನು ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ತಡವಾದದ್ದಕ್ಕೆ ತಪ್ಪು ತಿಳಿಯಬೇಡ. ತಿಳಿದುಕೊಂಡರೂ ನನಗೇನೂ ಆಗಬೇಕಾದ್ದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ಅವ್ವ ಹೊರಸಿನ ಮೇಲೆ ಮಲಗಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಲಕ್ವ ಹೊಡೆದು ಎಡಗೈ ಎಡಗಾಲು ಹೋದವು, ಕಿವಿ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಬರುವ ಭಾನುವಾರ ನಿನ್ನ ಮಗಳು ಶ್ರುತಿಯನ್ನು ನೋಡಲು ಸೇಡಂನಿಂದ ಗಂಡಿನ ಕಡೆಯವರು ಬರುತ್ತಾರೆ. "ಅಕ್ಕಾ, ನೀನೇ ಶಹಾಬಾದಕ್ಕ ಬಂದು ಎಣ್ಣಿಗಾಯಿ ಮಾಡ್ಬೇಕು. ನಿನ್ನ ಕೈರುಚಿ ನಮಗ್ಯಾರಿಗೂ ಬರಂಗಿಲ್ಲ" ಎಂದೆಯಲ್ಲ, ಕೇಳಲು ನಿನಗೆ ಬಾಯಾದರೂ ಹೇಗೆ ಬಂತು? ಹೆಣ್ಣು ನೋಡಲು ಬಂದವರಿಗೆ ನಾನು ಎಣ್ಣೆಗಾಯಿ ಮಾಡಿ ಬಡಿಸಿದ್ದು ಒಂದೇ ಒಂದು ಸಲ. ಅದರ ಫಲ ಇಪ್ಪತ್ತನಾಲ್ಕು ವರ್ಷದಿಂದ ಉಣ್ಣುತ್ತಿದ್ದೇನೆ. ನಾನು ಬರುವುದಿಲ್ಲ.

ಆದರೆ ಬದನೆಕಾಯಿ ಕಳಿಸುತ್ತೇನೆ. ಶ್ರುತಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗಿ ತನ್ನ ಅಪ್ಪನನ್ನು ಹೋಲುತ್ತಾಳೆ, ಅದು ಅವಳ ತಪ್ಪಲ್ಲ. ಶುಕ್ರವಾರ ಸನ್ನತಿ ಕಡೆಯಿಂದ ಗೊಲ್ಲಾಳಪ್ಪನ ತೋಟದ ಕಾಯಿ ಬರುತ್ತವೆ. ನಮ್ಮ ಓಣಿಯ ಅಸದ ದಿನಾ ರೈಲಿನಲ್ಲಿ ಶಹಾಬಾದಿನ ಗ್ಯಾರೇಜಿಗೆ ಹೋಗುತ್ತಾನೆ, ಶನಿವಾರ ಅವನ ಕೈಯಲ್ಲಿ ಚೀಲವನ್ನೂ ಈ ಪತ್ರವನ್ನೂ ಕೊಡುತ್ತೇನೆ.

ನಾನು ಆರಿಸಿದ್ದೇ ಆದರೂ ಒಂದೊಂದನ್ನೂ ನೀನು ಮತ್ತೆ ನೋಡು. ಒಂದು ಮುಷ್ಟಿಯಲ್ಲಿ ಎರಡು ಹಿಡಿಸುವಷ್ಟು ಸಣ್ಣ ಕಾಯಿ ಇರಬೇಕು. ಕೈಯಲ್ಲಿಟ್ಟರೆ ಹಗುರ ಅನಿಸಬೇಕು, ಭಾರವಿದ್ದರೆ ಒಳಗೆಲ್ಲ ಬೀಜ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗಾಗಿ ಮತ್ತೆ ಮೇಲೆ ಬರಬೇಕು. ತೊಟ್ಟು ಹಸಿರಾಗಿ, ಮುಳ್ಳು ಚುಚ್ಚುವಂತಿರಬೇಕು. ನಿನಗೆ ಮುಳ್ಳು ಆಗಿಬರುವುದಿಲ್ಲ ಎಂದು ಗೊತ್ತು. ಚಿಕ್ಕಂದಿನಲ್ಲಿ ಒಂದು ಮುಳ್ಳು ತಾಗಿದರೆ ಊರೆಲ್ಲ ಕೇಳುವಂತೆ ಅಳುತ್ತಿದ್ದೆ, ಅದಕ್ಕೇ ನೀನು ಎಲ್ಲ ಕಾಯಿಯ ತೊಟ್ಟನ್ನೂ ಮೊದಲೇ ಕಿತ್ತು ಬಿಸಾಡುತ್ತಿದ್ದೆ. ಈ ಸಲ ಹಾಗೆ ಮಾಡಬೇಡ. ಹುಳ ಹೊಕ್ಕ ತೂತು ಹೆಚ್ಚಾಗಿ ಇರುವುದು ತೊಟ್ಟಿನ ಮಗ್ಗುಲಲ್ಲೇ. ತೊಟ್ಟಿನ ಅಂಚನ್ನು ಉಗುರಿನಿಂದ ಎತ್ತಿ ನೋಡು.

ಸೀಳುವಾಗ ತೊಟ್ಟಿನ ಕಡ್ಡಿಯನ್ನು ಅರ್ಧ ಬೆರಳಿನಷ್ಟು ಬಿಟ್ಟು ಉಳಿದದ್ದು ಕತ್ತರಿಸು. ಈಳಿಗೆಯ ಮೇಲೆ ಕಾಯಿಯ ತಳವಿಟ್ಟು ಸೀಳು, ತಿರುಗಿಸಿ ಅಡ್ಡ ಇನ್ನೊಂದು ಸೀಳು. ತೊಟ್ಟಿನ ಹತ್ತಿರ ಬಂದಾಗ ಕೈ ನಿಲ್ಲಬೇಕು, ನಾಲ್ಕು ಹೋಳೂ ತೊಟ್ಟನ್ನು ಹಿಡಿದುಕೊಂಡಿರಬೇಕು. ಆಮೇಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿ, ಉಪ್ಪುನೀರಿಗೆ ಬಿಡು. ತುಂಬುವ ಖಾರ ನಿನಗೆ ಬರುತ್ತದೆ: ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆಹುಳಿ. ಅದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ.

ಒಂದು ಮಾತು ಮಾತ್ರ ಮರೆಯಬೇಡ. ಕಾಯಿ ಒಲೆಯ ಮೇಲೆ ಇರುವಷ್ಟು ಹೊತ್ತು ಅಡುಗೆಮನೆ ಬಿಟ್ಟು ಏಳಬೇಡ. ಆ ದಿನ ನಾನು ಎದ್ದಿದ್ದೆ. ಸೀರೆ ಉಟ್ಟುಕೊಂಡು ಬರಲು ಒಳಕೋಣೆಗೆ ಹೋಗಿದ್ದೆ, ಅಷ್ಟೇ. ಇಪ್ಪತ್ತೊಂದು ಕಾಯಿ ಸೀಳಿದ್ದೆ, ಮೂರು ಹುಳುಕು ಬಂದಿದ್ದವು. ಅವನ್ನು ಎಮ್ಮೆಗೆಂದು ಒಡಕು ಬುಟ್ಟಿಯಲ್ಲಿ ಹಾಕಿಟ್ಟಿದ್ದೆ. ಹದಿನೆಂಟು ಕಾಯಿಗೂ ತೊಟ್ಟಿತ್ತು. ಆದರೆ ನನ್ನನ್ನು ನೋಡಲು ಬಂದಿದ್ದ ಅರುಣಕುಮಾರನ ತಾಯಿಯ ತಾಟಿಗೆ ಬಿದ್ದ ಕಾಯಿಗೆ ತೊಟ್ಟಿರಲಿಲ್ಲ. ಆಕೆ ರೊಟ್ಟಿ ಮುರಿದು ಅದನ್ನು ಒತ್ತಿದಾಗ ಒಳಗಿನ ಹುಳ ಎಲ್ಲರಿಗೂ ಕಂಡಿತು. "ಕಣ್ಣಿದ್ದೂ ಹುಳ ಕಾಣದಾಕಿ ನಮ್ಮ ಮನಿಗ್ಯಾಕ್ರಿ?" ಎಂದು ಆಕೆ ಕೈ ತೊಳೆದಳು. ಅರುಣಕುಮಾರ ತಲೆ ಎತ್ತಲಿಲ್ಲ. ಅದಕ್ಕೆ ಹತ್ತು ನಿಮಿಷ ಮುಂಚೆ ಅವನು ನನ್ನನ್ನು ನೋಡಿ ನಕ್ಕಿದ್ದ.

ತಿಂಗಳು ತುಂಬುವುದರೊಳಗೆ ಅವರೇ ಹೇಳಿಕಳಿಸಿದರು, "ಸಣ್ಣಾಕಿನ್ನ ಕೊಡ್ರಿ" ಎಂದು. ಕೊಟ್ಟರು. ನಿನ್ನ ಮದುವೆಗೆ ಬಂದವರೆಲ್ಲ ನನ್ನನ್ನು ಹುಳದ ಪಲ್ಯದ ಪೀರಮ್ಮ ಎಂದು ಗುರುತು ಹಿಡಿದರು. ಆಮೇಲೆ ನನ್ನನ್ನು ನೋಡಲು ಯಾರೂ ಬರಲಿಲ್ಲ. ನಮ್ಮ ಮನೆಯಲ್ಲಿ ತೊಟ್ಟು ಕೀಳುವ ಕೈ ಒಂದೇ ಇತ್ತು, ಅಂಬಿಕಾ. ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅವ್ವನಿಗೆ ಮಾತ್ರ ಹೇಳಿದೆ. "ಪಾಪ, ಸಣ್ಣಾಕಿ, ಬಿಡವಾ" ಎಂದು ಅವಳು ಗೋಡೆಗೆ ತಲೆಯೊರಗಿಸಿ ಅತ್ತಳು. ಅವಳ ಮುಖ ನೋಡಿ ಬಿಟ್ಟೆ. ನಿನ್ನ ಬಾಣಂತನವನ್ನೂ ಮಾಡಿದೆ. ನಿನ್ನ ಮಗಳಿಗೆ ನೀರು ಹಾಕುವಾಗಲೆಲ್ಲ ಇದು ನನ್ನದಾಗಬೇಕಿತ್ತು ಅಂದುಕೊಳ್ಳುತ್ತಲೇ ಹಾಕಿದೆ. ಇಷ್ಟು ವರ್ಷದಲ್ಲಿ ನಿನ್ನನ್ನು ಮನಸ್ಸಿನಲ್ಲಿ ಶಪಿಸದೆ ಕಳೆದ ದಿನ ಇಲ್ಲ. ಕೈಯಲ್ಲಿ ಬದನೆಕಾಯಿ ಹಿಡಿದ ದಿನ ಎರಡು ಸಲ ಶಪಿಸಿದ್ದೇನೆ.

ಶ್ರುತಿಗೆ ಒಳ್ಳೆಯ ಮನೆ ಸಿಗಲಿ, ಆ ಮನೆಯಲ್ಲಿ ತಂಗಿ ಅನ್ನುವವಳು ಇಲ್ಲದಿರಲಿ. ಅರುಣಕುಮಾರನಿಗೆ ನನ್ನ ನಮಸ್ಕಾರ ತಿಳಿಸು. ಬೇಡ, ತಿಳಿಸಬೇಡ. ನೀನು ನೂರು ವರ್ಷ ಮುತ್ತೈದೆಯಾಗಿ ಬಾಳು.

ನಿನ್ನ ಅಕ್ಕ,
ಪೀರಮ್ಮ

ತಾ.ಕ.: ಇಂದು ಶುಕ್ರವಾರ. ಮೇಲೆ ಬರೆದದ್ದನ್ನು ಹರಿದು ಹಾಕಬೇಕೆಂದಿದ್ದೆ, ಹರಿಯಲಿಲ್ಲ. ನಿನ್ನ ಬಗ್ಗೆ ಇಷ್ಟು ವರ್ಷ ಏನು ಅಂದುಕೊಂಡಿದ್ದೆ ಎಂದು ನಿನಗೂ ಗೊತ್ತಿರಲಿ.

ಬೆಳಿಗ್ಗೆ ಗೊಲ್ಲಾಳಪ್ಪನ ಕಾಯಿ ಬಂದವು. ಅವ್ವನ ಹೊರಸಿನ ಹತ್ತಿರ ಕುಳಿತು ನಿನಗೆಂದು ಆರಿಸುತ್ತಿದ್ದೆ. ಎರಡು ಕಾಯಿಯಲ್ಲಿ ತೂತು ಕಂಡವು. ಬುಟ್ಟಿಗೆ ಎಸೆಯುತ್ತ, "ಅಂಬಿ ಇದ್ದಿದ್ರ ಇವನ್ನೂ ತುಂಬಿ ಇಡ್ತಿದ್ಳು" ಎಂದು ಗೊಣಗಿದೆ. ಅವ್ವ ಅರ್ಧ ಬಾಯಿಯಲ್ಲಿ ನಕ್ಕಳು.

"ಆಕಿಗ್ಯಾಕ ಬೈತಿ? ಆಕಿಗೇನು ಗೊತ್ತದ? ಅವತ್ತು ಆ ಹುಳುಕು ಕಾಯಿ ನಾನೇ ಇಟ್ಟಿದ್ದೆ. ತೂತು ಕಾಣ್ತದಂತ ತೊಟ್ಟು ಕಿತ್ತಿದ್ದೆ" ಎಂದಳು.

ಯಾಕೆ ಎಂದು ಕೇಳಿದೆ. ನನ್ನ ದನಿ ನನಗೇ ಕೇಳಲಿಲ್ಲ, ಅವಳಿಗೆ ಕೇಳಿತು. "ನಿಮ್ಮಪ್ಪ ಸತ್ತು ಆರು ತಿಂಗ್ಳಾಗಿತ್ತು. ನೀ ಹೋದ್ರ ನನ್ನ ಯಾರು ನೋಡ್ತಿದ್ರು? ಆಕಿ ಕೈಲಿ ಒಂದು ಎಮ್ಮಿ ಕಟ್ಲಿಕ್ಕಾಗ್ತಿದ್ದಿಲ್ಲ. ಈಗ ನೋಡು, ನೀ ಇದ್ದೀದಿ, ಛಲೋನೇ ಆಯ್ತು. ಒಂದೀಟು ನೀರು ಕುಡಸು."

ಕುಡಿಸಿದೆ. ಗಂಟಲಿಗೆ ಸಿಗದ ಹಾಗೆ, ದಿನಾ ಕುಡಿಸುವಂತೆ ಚಮಚದಲ್ಲೇ ಕುಡಿಸಿದೆ.

ನಿನ್ನ ಹತ್ತಿರ ತಪ್ಪಾಯಿತು ಅನ್ನಬೇಕು. ಅನ್ನುತ್ತೇನೆ, ಇವತ್ತು ಆಗುತ್ತಿಲ್ಲ. ನಿನ್ನನ್ನು ದ್ವೇಷಿಸುವುದು ರೂಢಿಯಾಗಿಬಿಟ್ಟಿದೆ, ಅದು ಹೋದರೆ ನನಗೆ ಉಳಿಯುವುದು ಅವ್ವ ಒಬ್ಬಳೇ. ಅವಳನ್ನು ಎರಡು ತಿಂಗಳು ಶಹಾಬಾದಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆಯಲ್ಲ, ಅದು ಬೇಡ. ನಾನು ಹತ್ತಿರವಿರಬೇಕೆಂದೇ ಅವಳು ಅಷ್ಟೆಲ್ಲ ಮಾಡಿದ್ದು. ಇರುತ್ತೇನೆ.

ಒಳ್ಳೆಯ ಕಾಯಿಗಳೆಲ್ಲ ನಿನ್ನ ಚೀಲದಲ್ಲಿವೆ, ಎಣಿಸಿಕೋ, ಇಪ್ಪತ್ತೈದು. ಬುಟ್ಟಿಯಲ್ಲಿ ಉಳಿದ ಎರಡರ ತೊಟ್ಟು ತೆಗೆದು, ಖಾರ ತುಂಬಿ, ಮಧ್ಯಾಹ್ನ ಅವ್ವನಿಗೆ ಎಣ್ಣೆಗಾಯಿ ಮಾಡಿದೆ. ರೊಟ್ಟಿ ಮೆತ್ತಗೆ ನೆನೆಸಿ ನಾನೇ ತುತ್ತು ಮಾಡಿ ಬಾಯಿಗಿಟ್ಟೆ. "ಭಾಳ ಛಲೋ ಆಗ್ಯಾದವ್ವಾ, ಇನ್ನೊಂದು ಹಾಕು" ಎಂದಳು. ಹಾಕಿದೆ.